ವಾರ ವಾರ ಕುಕೀ ಅಳಿಸುವುದರಿಂದ ಏನಾದರೂ ಉಪಯೋಗ ಇದೆಯೇ?

ಪ್ರಶ್ನೆ: ಒಂದು ಸೈಟಿನಲ್ಲಿ ಶೂ ನೋಡಿದೆ, ಕೊಳ್ಳಲಿಲ್ಲ. ಮರುದಿನದಿಂದ ಸುದ್ದಿ ಓದಲು ಹೋದರೂ, ಹವಾಮಾನ ನೋಡಲು ಹೋದರೂ ಅದೇ ಶೂ ಕಣ್ಣಿಗೆ ಬೀಳುತ್ತಿದೆ. ಇದೆಲ್ಲ ಕುಕೀ ಕೆಲಸ ಅಂತ ಗೆಳೆಯರು ಹೇಳಿದರು. ಅವತ್ತಿನಿಂದ ಪ್ರತಿ ವಾರ ಬ್ರೌಸರ್‌ನ ಎಲ್ಲ ಕುಕೀಗಳನ್ನೂ ಅಳಿಸುತ್ತಿದ್ದೇನೆ. ಆದರೆ ಆಮೇಲೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು, ಒಟಿಪಿ ಕೊಡಬೇಕು, ಕುಕೀ ಒಪ್ಪುತ್ತೀರಾ ಅನ್ನುವ ಪಟ್ಟಿಗಳು ಮತ್ತೆ ಬರುತ್ತವೆ. ಇಷ್ಟಾದರೂ ಜಾಹೀರಾತು ನಿಂತಿಲ್ಲ. ಕುಕೀ ಅಂದರೆ ವೈರಸ್ ತರಹದ್ದೇ? ಅದರಲ್ಲಿ ನನ್ನ ಪಾಸ್‌ವರ್ಡ್ ಇರುತ್ತದೆಯೇ? ಒಪ್ಪಬೇಕೋ, ಬೇಡ ಅನ್ನಬೇಕೋ? ಇನ್‌ಕಾಗ್ನಿಟೊ ಬಳಸಿದರೆ ಸಾಕೇ?

ಉತ್ತರ: ಮೊದಲು ನೇರವಾಗಿ ಉತ್ತರ ಕೊಟ್ಟುಬಿಡುತ್ತೇನೆ, ವಿವರ ಆಮೇಲೆ. ಕುಕೀ ವೈರಸ್ ಅಲ್ಲ. ಅದೊಂದು ಸಣ್ಣ ಬರಹದ ತುಣುಕು ಅಷ್ಟೇ. ತಾನಾಗಿ ಏನನ್ನೂ ಓಡಿಸಲು ಅದಕ್ಕೆ ಬರುವುದಿಲ್ಲ, ನಿಮ್ಮ ಫೈಲುಗಳನ್ನು ತೆರೆದು ನೋಡಲೂ ಬರುವುದಿಲ್ಲ. ಸರಿಯಾಗಿ ಕಟ್ಟಿದ ಯಾವ ಸೈಟೂ ಅದರಲ್ಲಿ ಪಾಸ್‌ವರ್ಡ್ ಇಡುವುದಿಲ್ಲ. ಇನ್ನು ವಾರ ವಾರ ಅಳಿಸುವ ಕೆಲಸ ನಿಲ್ಲಿಸಿಬಿಡಿ. ನಿಮ್ಮ ಬೆನ್ನು ಹತ್ತುವ ಕುಕೀಗಳು ಬೇರೆ, ನಿಮಗೆ ಕೆಲಸ ಮಾಡಿಕೊಡುವ ಕುಕೀಗಳು ಬೇರೆ. ನೀವು ಎರಡನ್ನೂ ಒಟ್ಟಿಗೆ ಗುಡಿಸಿ ಹಾಕುತ್ತಿದ್ದೀರಿ. ಬೆನ್ನು ಹತ್ತುವವು ನಾಲ್ಕು ಪುಟ ತೆರೆಯುವಷ್ಟರಲ್ಲಿ ವಾಪಸ್ ಬರುತ್ತವೆ, ಕೆಲಸದ ಕುಕೀಗಳು ಹೋದದ್ದಕ್ಕೆ ನೀವು ಒಟಿಪಿ ಹೊಡೆಯುತ್ತಾ ಕೂರಬೇಕಾಗುತ್ತದೆ. ಬ್ರೌಸರ್‌ನಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಿಸಿದರೆ ಈ ಕಿರಿಕಿರಿಯ ಬಹುಪಾಲು ಮುಗಿಯುತ್ತದೆ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಬೇಕಾದರೆ ಕುಕೀ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಸ್ವಲ್ಪ ನೋಡಬೇಕು.

ವೆಬ್ ನಡೆಯುವುದು ಎಚ್‌ಟಿಟಿಪಿ ಎಂಬ ನಿಯಮದ ಮೇಲೆ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್, ಅಂದರೆ ಆ ಸೈಟನ್ನು ಇಟ್ಟುಕೊಂಡಿರುವ ಕಂಪ್ಯೂಟರ್, ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮುಂದಿನ ಕ್ಷಣ ನೀವು ಅದೇ ಸೈಟಿನ ಇನ್ನೊಂದು ಪುಟ ಕೇಳಿದರೆ, ಈಗಷ್ಟೇ ಬಂದು ಹೋದವರು ಇವರೇ ಅಂತ ಸರ್ವರ್‌ಗೆ ಗೊತ್ತಾಗುವುದಿಲ್ಲ. ಪ್ರತಿ ಸಲವೂ ಹೊಸ ಮುಖ. ಲೇಖನ ಓದುವುದಕ್ಕೆ ಇಷ್ಟು ಸಾಕು. ಆದರೆ ಬುಟ್ಟಿಗೆ ಒಂದು ಸಾಮಾನು ಹಾಕಿ ಮುಂದಿನ ಪುಟಕ್ಕೆ ಹೋದಾಗ ಬುಟ್ಟಿ ಖಾಲಿಯಾಗಿದ್ದರೆ ಯಾರು ತಾನೇ ಏನು ಕೊಂಡಾರು? ಐಪಿ ವಿಳಾಸ, ಅಂದರೆ ನೆಟ್ ಸಂಪರ್ಕಕ್ಕೆ ಇರುವ ನಂಬರ್, ನೋಡಿ ಗುರುತು ಹಿಡಿಯಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಒಂದು ವೈಫೈ ಹಿಂದೆ ಇಡೀ ಆಫೀಸು ಇರಬಹುದು. ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಎಷ್ಟೋ ಜನ ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ, ಜೊತೆಗೆ ಅದು ಆಗಾಗ ಬದಲಾಗುತ್ತಲೂ ಇರುತ್ತದೆ.

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲಿ ಅವರ ಮುಂದೆ ಇದ್ದದ್ದು ಇದೇ ಸಮಸ್ಯೆ. ಎಂಸಿಐ ಎಂಬ ಟೆಲಿಕಾಂ ಕಂಪನಿಗಾಗಿ ಆನ್‌ಲೈನ್ ಮಾರಾಟದ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದರು. ಗ್ರಾಹಕರ ಅರೆಬರೆ ವ್ಯವಹಾರಗಳನ್ನೆಲ್ಲ ತಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದು ಎಂಸಿಐಗೆ ಬೇಡವಾಗಿತ್ತು. ಹಾಗಾದರೆ ಗ್ರಾಹಕರ ಬ್ರೌಸರ್‌ನಲ್ಲೇ ಇಡೋಣ ಅನ್ನುವುದು ಮೊಂಟುಲಿ ಅವರ ಉಪಾಯ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ನೆಟ್‌ಸ್ಕೇಪ್‌ನ ಮೊದಲ ಬೀಟಾ ಬ್ರೌಸರ್‌ನಲ್ಲಿ ಕುಕೀ ಇತ್ತು. ಪ್ರತಿ ಬ್ರೌಸರ್‌ಗೂ ಒಂದು ಕಾಯಂ ನಂಬರ್ ಕೊಟ್ಟುಬಿಟ್ಟರೆ ಸುಲಭ ಅಲ್ವಾ ಅನ್ನುವ ದಾರಿಯೂ ಆಗ ಅವರ ಮುಂದಿತ್ತು. ಅದನ್ನು ಅವರು ಬೇಕೆಂದೇ ಬಿಟ್ಟರು. ಎಲ್ಲ ಸೈಟುಗಳಿಗೂ ಒಂದೇ ನಂಬರ್ ಸಿಕ್ಕರೆ ಒಬ್ಬ ಮನುಷ್ಯ ಎಲ್ಲೆಲ್ಲಿ ಓಡಾಡಿದ ಅಂತ ಯಾರು ಬೇಕಾದರೂ ಜೋಡಿಸಿ ನೋಡಬಹುದು ಅಂತ. ಹಾಗಾಗಿ ಒಂದು ಸೈಟ್ ಕೊಟ್ಟ ಕುಕೀಯನ್ನು ಬ್ರೌಸರ್ ಆ ಸೈಟಿಗೆ ಮಾತ್ರ ವಾಪಸ್ ಕೊಡುತ್ತದೆ, ಬೇರೆ ಯಾರಿಗೂ ತೋರಿಸುವುದಿಲ್ಲ ಅನ್ನುವ ನಿಯಮ ಬಂತು. ಈ ನಿಯಮ ಇವತ್ತಿಗೂ ಹಾಗೇ ಇದೆ. ನಿಮ್ಮ ಶೂ ಜಾಹೀರಾತು ಈ ನಿಯಮ ಮುರಿಯದೆಯೇ ನಿಮ್ಮನ್ನು ಹಿಂಬಾಲಿಸುತ್ತಿದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ನೀವು ಒಂದು ಸೈಟಿಗೆ ಲಾಗಿನ್ ಆದಾಗ ಏನಾಗುತ್ತದೆ ನೋಡಿ. ಹೆಸರು, ಪಾಸ್‌ವರ್ಡ್ ಒಂದು ಸಲ ಸರ್ವರ್‌ಗೆ ಹೋಗುತ್ತವೆ. ಸರ್ವರ್ ಪರೀಕ್ಷಿಸಿ, ಸರಿ ಇದ್ದರೆ, ಯಾರೂ ಊಹಿಸಲಾಗದಂತಹ ಒಂದು ಉದ್ದನೆಯ ಅಡ್ಡಾದಿಡ್ಡಿ ಸಂಕೇತ ತಯಾರಿಸುತ್ತದೆ. ಈ ಸಂಕೇತ ಇಂಥವರದು ಅಂತ ತನ್ನ ಡೇಟಾಬೇಸ್‌ನಲ್ಲಿ ಬರೆದುಕೊಳ್ಳುತ್ತದೆ. ಪುಟದ ಜೊತೆಗೆ 'ಸೆಟ್-ಕುಕೀ' ಎಂಬ ಒಂದು ಸಾಲನ್ನು ಬ್ರೌಸರ್‌ಗೆ ಕಳಿಸುತ್ತದೆ. ಅದರಲ್ಲಿ ಒಂದು ಹೆಸರು, ಆ ಸಂಕೇತ, ಮತ್ತು ಎರಡು ಮೂರು ಷರತ್ತುಗಳು ಇರುತ್ತವೆ, ಅಷ್ಟೇ. ಬ್ರೌಸರ್ ಅದನ್ನು ಎತ್ತಿಟ್ಟುಕೊಂಡು, ಆಮೇಲೆ ಆ ಸೈಟಿಗೆ ಹೋಗುವ ಪ್ರತಿ ರಿಕ್ವೆಸ್ಟ್ ಜೊತೆಗೂ ನಿಮ್ಮನ್ನು ಕೇಳದೆ ಲಗತ್ತಿಸುತ್ತದೆ. ಪುಟಕ್ಕೆ ಮಾತ್ರ ಅಂತಲ್ಲ, ಆ ಸೈಟಿನಿಂದ ಬರುವ ಒಂದೊಂದು ಚಿತ್ರಕ್ಕೂ. ಬ್ಯಾಗು ಇಟ್ಟುಕೊಳ್ಳುವ ಕೌಂಟರಿನಲ್ಲಿ ಕೊಡುವ ಟೋಕನ್ ಇದೆಯಲ್ಲ, ಹಾಗೆ. ಟೋಕನ್ ಮೇಲೆ ಬರೀ ಒಂದು ನಂಬರ್, ಬ್ಯಾಗಿನಲ್ಲಿ ಏನಿದೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಆದರೆ ಆ ಟೋಕನ್ ಯಾರ ಕೈಯಲ್ಲಿದೆಯೋ ಅವರಿಗೆ ಬ್ಯಾಗು ಸಿಗುತ್ತದೆ.

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಕಳ್ಳತನದ ವಿಷಯ ಬಂದಾಗ ಬೇಕಾಗುತ್ತದೆ. ಅಂದ ಹಾಗೆ, ಮೊದಲ ಯೋಚನೆಗೂ ಇವತ್ತಿನ ಬಳಕೆಗೂ ಒಂದು ದೊಡ್ಡ ವ್ಯತ್ಯಾಸವಿದೆ. 1994ರಲ್ಲಿ ಮಾಹಿತಿಯನ್ನೇ ಬ್ರೌಸರ್‌ನಲ್ಲಿ ಇಡಬೇಕು ಅನ್ನುವ ಲೆಕ್ಕಾಚಾರ ಇತ್ತು. ಈಗ ಹೆಚ್ಚಿನ ಸೈಟುಗಳು ಮಾಹಿತಿಯನ್ನೆಲ್ಲ ತಮ್ಮ ಹತ್ತಿರವೇ ಇಟ್ಟುಕೊಂಡು ಗುರುತಿನ ಸಂಕೇತವನ್ನಷ್ಟೇ ನಿಮಗೆ ಕೊಡುತ್ತವೆ. ಕುಕೀಯಲ್ಲಿ ಜಾಸ್ತಿ ತುಂಬಲು ಜಾಗವೂ ಇಲ್ಲ. ಒಂದು ಕುಕೀಗೆ ಸುಮಾರು 4096 ಬೈಟು, ಅಂದರೆ ಒಂದೆರಡು ಪುಟದ ಬರಹದಷ್ಟು ಮಾತ್ರ. ಹಾಗಾಗಿ ಕುಕೀ ಅಳಿಸಿದರೆ ಆ ಕಂಪನಿ ನಿಮ್ಮ ಬಗ್ಗೆ ಕೂಡಿಟ್ಟ ಮಾಹಿತಿ ಅಳಿಸಿಹೋಗುತ್ತದೆ ಅಂತ ತಿಳಿಯಬೇಡಿ. ನಿಮ್ಮ ಬ್ರೌಸರ್‌ಗೂ ಆ ಮಾಹಿತಿಗೂ ಇದ್ದ ಕೊಂಡಿ ಕಳಚುತ್ತದೆ ಅಷ್ಟೇ. ಮತ್ತೆ ಲಾಗಿನ್ ಆದ ಕೂಡಲೇ ಅದು ಪುನಃ ಕೂಡಿಕೊಳ್ಳುತ್ತದೆ.

ಸರ್ವರ್ ಕಳಿಸುವ ಷರತ್ತುಗಳ ಬಗ್ಗೆ ಎರಡು ಮಾತು. ಮೊದಲನೆಯದು ಆಯಸ್ಸು. ಕೊನೆಯ ದಿನಾಂಕ ಹೇಳದೆ ಕೊಟ್ಟ ಕುಕೀ ಬ್ರೌಸರ್ ಮುಚ್ಚುವವರೆಗೆ ಮಾತ್ರ ಇರಬೇಕು, ಇದನ್ನು ಸೆಷನ್ ಕುಕೀ ಅನ್ನುತ್ತಾರೆ. ಆದರೆ ನೀವು ಹಿಂದಿನ ಟ್ಯಾಬುಗಳನ್ನು ಮತ್ತೆ ತೆರೆಯುವಂತೆ ಬ್ರೌಸರ್ ಸೆಟ್ ಮಾಡಿದ್ದರೆ ಅದು ಈ ಕುಕೀಗಳನ್ನೂ ಉಳಿಸಿಕೊಳ್ಳುತ್ತದೆ. ಬ್ರೌಸರ್ ಮುಚ್ಚಿದೆ, ಲಾಗೌಟ್ ಆಯಿತು ಅಂತ ನಂಬಿಕೊಂಡವರಿಗೆ ಇದು ಗೊತ್ತಿರುವುದಿಲ್ಲ. ದಿನಾಂಕ ಹೇಳಿ ಕೊಟ್ಟ ಕುಕೀ ಆ ದಿನದವರೆಗೆ ಇರುತ್ತದೆ. ಮೊದಲೆಲ್ಲ ಹತ್ತು ವರ್ಷ, ಇಪ್ಪತ್ತು ವರ್ಷ ಅಂತ ಬರೆದು ಕಳಿಸುವವರಿದ್ದರು. 2022ರಿಂದ ಕ್ರೋಮ್ 400 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಸಫಾರಿ ಇನ್ನೂ ಬಿಗಿ. ಪುಟದೊಳಗಿನ ಜಾವಾಸ್ಕ್ರಿಪ್ಟ್, ಅಂದರೆ ಪುಟದ ಜೊತೆ ಬಂದು ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ, ಇಟ್ಟ ಕುಕೀಗಳನ್ನು ಏಳು ದಿನಕ್ಕೇ ತೆಗೆದುಹಾಕುತ್ತದೆ.

ಉಳಿದ ಷರತ್ತುಗಳು ಭದ್ರತೆಗೆ ಸಂಬಂಧಿಸಿದವು. ಅವುಗಳ ಹಿಂದೆ ಒಂದೊಂದು ಕಹಿ ಅನುಭವ ಇದೆ. 'ಸೆಕ್ಯೂರ್' ಅಂದರೆ ಗೂಢಲಿಪಿ ಇರುವ ಎಚ್‌ಟಿಟಿಪಿಎಸ್ ದಾರಿಯಲ್ಲಿ ಮಾತ್ರ ಈ ಕುಕೀಯನ್ನು ಕಳಿಸು ಅಂತ. 2010ರ ಹೊತ್ತಿಗೆ ದೊಡ್ಡ ದೊಡ್ಡ ಸೈಟುಗಳೇ ಲಾಗಿನ್ ಪುಟಕ್ಕೆ ಮಾತ್ರ ಗೂಢಲಿಪಿ ಬಳಸಿ, ಆಮೇಲಿನ ಪುಟಗಳನ್ನು ತೆರೆದ ದಾರಿಯಲ್ಲೇ ಕಳಿಸುತ್ತಿದ್ದವು. ಪಾಸ್‌ವರ್ಡ್ ಭದ್ರವಾಗಿ ಹೋಗುತ್ತಿತ್ತು, ಕುಕೀ ಮಾತ್ರ ಎಲ್ಲರಿಗೂ ಕಾಣುವಂತೆ ಗಾಳಿಯಲ್ಲಿ ಹೋಗುತ್ತಿತ್ತು. ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಆ ವರ್ಷ ಅಕ್ಟೋಬರ್‌ನಲ್ಲಿ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಆಡ್-ಆನ್ ಬಿಟ್ಟರು. ತೆರೆದ ವೈಫೈ ಇರುವ ಜಾಗದಲ್ಲಿ ಕೂತು ಅದನ್ನು ಚಾಲೂ ಮಾಡಿದರೆ ಸುತ್ತ ಇದ್ದವರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಪಕ್ಕದಲ್ಲಿ ಸಾಲಾಗಿ ಬರುತ್ತಿದ್ದವು, ಒಂದು ಕ್ಲಿಕ್ ಮಾಡಿದರೆ ನೀವು ಅವರಾಗಿ ಒಳಗೆ ಹೋಗಬಹುದಿತ್ತು. ಈ ದೋಷ ತಜ್ಞರಿಗೆ ಮೊದಲೇ ಗೊತ್ತಿದ್ದರೂ ಯಾರೂ ಸರಿಪಡಿಸಿರಲಿಲ್ಲ. ಯಾರು ಬೇಕಾದರೂ ಮಾಡಬಹುದು ಅಂತ ಕಣ್ಣೆದುರು ತೋರಿಸಿದ ಮೇಲೆ ಮುಂದಿನ ಕೆಲ ವರ್ಷಗಳಲ್ಲಿ ದೊಡ್ಡ ಸೈಟುಗಳು ಪೂರ್ತಿಯಾಗಿ ಎಚ್‌ಟಿಟಿಪಿಎಸ್‌ಗೆ ಬಂದವು.

'ಎಚ್‌ಟಿಟಿಪಿ-ಓನ್ಲಿ' ಅನ್ನುವ ಷರತ್ತಿದ್ದರೆ ಪುಟದೊಳಗಿನ ಜಾವಾಸ್ಕ್ರಿಪ್ಟ್ ಆ ಕುಕೀಯನ್ನು ಓದಲಾಗದು. ಯಾರಾದರೂ ಕಾಮೆಂಟಿನ ಮೂಲಕ ಒಂದು ಸ್ಕ್ರಿಪ್ಟ್ ತುರುಕಿದರೂ ಲಾಗಿನ್ ಕುಕೀ ಅದರ ಕೈಗೆ ಸಿಗುವುದಿಲ್ಲ. 'ಸೇಮ್‌ಸೈಟ್' ಇನ್ನೊಂದು ಕಾಯಿಲೆಗೆ ಮದ್ದು. ಬ್ರೌಸರ್ ಕುಕೀಯನ್ನು ತಾನೇ ಲಗತ್ತಿಸುತ್ತದೆ ಅಂದೆನಲ್ಲ, ರಿಕ್ವೆಸ್ಟ್ ಯಾವ ಪುಟದಿಂದ ಹೊರಟಿತು ಅಂತ ಅದು ಮೊದಲೆಲ್ಲ ನೋಡುತ್ತಿರಲಿಲ್ಲ. ನೀವು ಹಣದ ಸೈಟಿನಲ್ಲಿ ಲಾಗಿನ್ ಆಗಿ, ಇನ್ನೊಂದು ಟ್ಯಾಬಿನಲ್ಲಿ ಯಾವುದೋ ಕೆಟ್ಟ ಪುಟ ತೆರೆದರೆ, ಆ ಪುಟ ಗುಟ್ಟಾಗಿ ಹಣದ ಸೈಟಿಗೆ ಒಂದು ಫಾರ್ಮ್ ಕಳಿಸಿದರೂ ನಿಮ್ಮ ಕುಕೀ ಅದರ ಜೊತೆ ಹೋಗುತ್ತಿತ್ತು, ಸರ್ವರ್ ಇದು ನೀವೇ ಕಳಿಸಿದ್ದು ಅಂತ ನಂಬುತ್ತಿತ್ತು. 2020ರಲ್ಲಿ ಕ್ರೋಮ್ ಇದನ್ನು ತಿರುಗಿಸಿತು. ಸೈಟ್ ಬೇರೆ ಏನೂ ಹೇಳದಿದ್ದರೆ ಇನ್ನೊಂದು ಸೈಟಿನಿಂದ ಹೊರಟ ಇಂಥ ರಿಕ್ವೆಸ್ಟಿಗೆ ಕುಕೀ ಲಗತ್ತಿಸುವುದಿಲ್ಲ ಅಂತ. ಇದು ಬಳಸುವವರ ಕಣ್ಣಿಗೆ ಕಾಣದ ಬದಲಾವಣೆ. ಆದರೂ ಕಳೆದ ಹತ್ತು ವರ್ಷದಲ್ಲಿ ವೆಬ್‌ನಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ಎಣಿಸುತ್ತೇನೆ.

ಈಗ ನಿಮ್ಮ ಶೂ.

ನೀವು ಒಂದು ಸುದ್ದಿ ಪುಟ ತೆರೆದಾಗ ಅದೆಲ್ಲ ಆ ಸುದ್ದಿ ಸಂಸ್ಥೆಯ ಸರ್ವರ್‌ನಿಂದಲೇ ಬಂದಿರುವುದಿಲ್ಲ. ಬರಹ ಅವರದು, ವಿಡಿಯೊ ಇನ್ನೊಬ್ಬರದು, ಅಕ್ಷರ ವಿನ್ಯಾಸ ಮತ್ತೊಬ್ಬರದು, ಜಾಹೀರಾತಿನ ಚೌಕಗಳು ಜಾಹೀರಾತು ಕಂಪನಿಗಳದು. ಪುಟ ಅಂದರೆ ಒಂದು ಪಟ್ಟಿ ಅಷ್ಟೇ. ಇದನ್ನು ಅಲ್ಲಿಂದ ತಾ, ಅದನ್ನು ಇಲ್ಲಿಂದ ತಾ ಅಂತ ಅದು ಬ್ರೌಸರ್‌ಗೆ ಹೇಳುತ್ತದೆ. ಬ್ರೌಸರ್ ಒಂದೊಂದು ಸರ್ವರ್‌ಗೂ ಬೇರೆ ಬೇರೆ ರಿಕ್ವೆಸ್ಟ್ ಕಳಿಸುತ್ತದೆ, ಆ ಪ್ರತಿಯೊಂದು ಸರ್ವರ್ ಕೂಡ ತನ್ನದೊಂದು ಕುಕೀ ಕೊಡಬಹುದು. ವಿಳಾಸದ ಪಟ್ಟಿಯಲ್ಲಿ ಕಾಣುವ ಸೈಟಿನದಲ್ಲದ ಇಂಥ ಕುಕೀಗೆ ಥರ್ಡ್-ಪಾರ್ಟಿ ಕುಕೀ ಅನ್ನುತ್ತಾರೆ.

ಶೂ ಮಾರುವ ಸೈಟಿನಲ್ಲಿ ಒಂದು ಜಾಹೀರಾತು ಕಂಪನಿಯ ತುಣುಕು ಇದೆ ಅಂದುಕೊಳ್ಳಿ. ಅದು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ, ಒಂದು ಚುಕ್ಕಿಯಷ್ಟು ದೊಡ್ಡ ಪಾರದರ್ಶಕ ಚಿತ್ರವಾದರೂ ಸಾಕು. ನಿಮ್ಮ ಬ್ರೌಸರ್ ಆ ಚುಕ್ಕಿ ತರಲು ಜಾಹೀರಾತು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಸರ್ವರ್ ನಿಮಗೊಂದು ನಂಬರ್ ಇರುವ ಕುಕೀ ಕೊಟ್ಟು, ಈ ನಂಬರಿನವರು ಇಂಥ ಶೂ ನೋಡಿದರು ಅಂತ ಬರೆದುಕೊಳ್ಳುತ್ತದೆ. ಮರುದಿನ ನೀವು ಸುದ್ದಿ ಓದಲು ಹೋಗುತ್ತೀರಿ. ಅಲ್ಲಿಯೂ ಅದೇ ಕಂಪನಿಯ ಚೌಕ ಇದೆ. ಬ್ರೌಸರ್ ಅದೇ ಸರ್ವರ್‌ಗೆ ಹೋಗುತ್ತದೆ, ನಿಯಮದ ಪ್ರಕಾರ ಆ ಸರ್ವರ್ ಕೊಟ್ಟ ಕುಕೀಯನ್ನು ಆ ಸರ್ವರ್‌ಗೇ ಕೊಡುತ್ತದೆ, ಜೊತೆಗೆ ನಾನು ಇಂಥ ಸೈಟಿನಿಂದ ಬರುತ್ತಿದ್ದೇನೆ ಅಂತ ಒಂದು ಸಾಲು ಹೇಳುತ್ತದೆ. ಓ, ನಿನ್ನೆ ಶೂ ನೋಡಿದವರು ಇವರೇ. ಆ ಚೌಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ಹಾಕುತ್ತಾರೆ, ಶೂ ಕಂಪನಿ ಬೇರೆಯವರಿಗಿಂತ ಜಾಸ್ತಿ ಕೂಗುತ್ತದೆ, ನಿಮ್ಮ ಶೂ ಅಲ್ಲಿ ಕೂತಿರುತ್ತದೆ.

ಇಲ್ಲಿ ಯಾವ ನಿಯಮವೂ ಮುರಿಯಲಿಲ್ಲ, ಗಮನಿಸಿ. ನೀವು ಶೂ ನೋಡಿದ್ದು ಸುದ್ದಿ ಸೈಟಿಗೆ ಗೊತ್ತೇ ಇಲ್ಲ. ಶೂ ಸೈಟ್ ನಿಮ್ಮ ಸುದ್ದಿ ಓದುವ ಅಭ್ಯಾಸ ಓದಲಿಲ್ಲ. ಎರಡೂ ಕಡೆ ಇದ್ದ ಮೂರನೆಯವರು ತಮ್ಮ ಕುಕೀಯನ್ನು ತಾವೇ ಓದಿಕೊಂಡರು. ಒಂದೇ ಕಂಪನಿಯ ತುಣುಕು ಲಕ್ಷಾಂತರ ಸೈಟುಗಳಲ್ಲಿ ಇದ್ದಾಗ, ಮೊಂಟುಲಿ ಬೇಡ ಅಂದಿದ್ದ ಆ ಕಾಯಂ ನಂಬರ್ ಹಿಂಬಾಗಿಲಿನಿಂದ ಬಂದ ಹಾಗಾಯಿತು. ನನಗೆ ಇಲ್ಲಿ ತಪ್ಪು ಅನ್ನಿಸುವುದು ಜಾಹೀರಾತು ತೋರಿಸುವುದಲ್ಲ. ಶೂ ಜಾಹೀರಾತು ನಿರುಪದ್ರವಿ. ಆದರೆ ಅದೇ ವ್ಯವಸ್ಥೆ ನೀವು ಯಾವ ಕಾಯಿಲೆಯ ಬಗ್ಗೆ ಓದಿದಿರಿ, ಯಾವ ಸಾಲದ ಬಗ್ಗೆ ಹುಡುಕಿದಿರಿ, ರಾತ್ರಿ ಎಷ್ಟು ಹೊತ್ತಿಗೆ ಯಾವ ಪುಟದಲ್ಲಿದ್ದಿರಿ ಅನ್ನುವುದನ್ನೂ ಅದೇ ನಂಬರಿನ ಕೆಳಗೆ ಬರೆದುಕೊಳ್ಳುತ್ತಾ ಹೋಗುತ್ತದೆ. ನೀವು ಎಂದೂ ಹೆಸರು ಕೇಳಿರದ, ಎಂದೂ ಅವರ ಸೈಟಿಗೆ ಹೋಗಿರದ ಒಂದು ಕಂಪನಿಯ ಹತ್ತಿರ ಇಷ್ಟು ಇರಬೇಕಾದ ಅಗತ್ಯ ಏನಿದೆ?

ಈ ಅಪಾಯ ಹೊಸದಾಗಿ ಕಂಡದ್ದೂ ಅಲ್ಲ. 1997ರಲ್ಲಿ ಕುಕೀಗೆ ಮೊದಲ ಅಧಿಕೃತ ಮಾನದಂಡ ಬರೆದವರು, ಥರ್ಡ್-ಪಾರ್ಟಿ ಕುಕೀಗಳಿಗೆ ಬ್ರೌಸರ್ ತಾನಾಗಿ ಅವಕಾಶ ಕೊಡಬಾರದು ಅಂತ ಆಗಲೇ ಹೇಳಿದ್ದರು. ಆ ಕಾಲದ ದೊಡ್ಡ ಬ್ರೌಸರ್‌ಗಳು ಅದನ್ನು ಪಾಲಿಸಲಿಲ್ಲ. ಅಷ್ಟರಲ್ಲಿ ಜಾಹೀರಾತು ಉದ್ಯಮ ಅದರ ಮೇಲೇ ಬೆಳೆಯತೊಡಗಿತ್ತು. ಸಫಾರಿ 2020ರ ಮಾರ್ಚ್‌ನಲ್ಲಿ ಇಂಥ ಕುಕೀಗಳನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಲ್ಲಿ ಬೇರೆ ದಾರಿ ಹಿಡಿಯಿತು, ನನಗೆ ಇದು ತುಂಬಾ ಹಿಡಿಸಿತು. ಅಲ್ಲಿ ಮೂರನೆಯವರ ಕುಕೀ ಇರಬಹುದು, ಆದರೆ ಸೈಟಿಗೊಂದು ಬೇರೆ ಬೇರೆ. ಶೂ ಸೈಟಿನಲ್ಲಿ ಸಿಕ್ಕ ನಂಬರ್ ಶೂ ಸೈಟಿನೊಳಗೇ ಉಳಿಯುತ್ತದೆ, ಸುದ್ದಿ ಸೈಟಿಗೆ ಹೋದಾಗ ಅದೇ ಜಾಹೀರಾತು ಕಂಪನಿಗೆ ನೀವು ಹೊಸಬರು. ಕ್ರೋಮ್ ಮಾತ್ರ ಎಳೆದಾಡಿತು. ಎರಡು ವರ್ಷದೊಳಗೆ ನಿಲ್ಲಿಸುತ್ತೇವೆ ಅಂತ 2020ರ ಜನವರಿಯಲ್ಲಿ ಗೂಗಲ್ ಹೇಳಿತು, ಮೇಲಿಂದ ಮೇಲೆ ಮುಂದೂಡಿತು, 2024ರ ಆರಂಭದಲ್ಲಿ ನೂರಕ್ಕೆ ಒಬ್ಬರಂತೆ ಪ್ರಯೋಗ ಮಾಡಿತು, ಅದೇ ವರ್ಷ ಜುಲೈನಲ್ಲಿ ಪೂರ್ತಿ ತೆಗೆಯುವ ಯೋಜನೆಯನ್ನೇ ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ, ಈ ಬಗ್ಗೆ ಬಳಕೆದಾರರನ್ನು ಬೇರೆಯಾಗಿ ಕೇಳುವುದೂ ಇಲ್ಲ, ಈಗಿರುವ ಸೆಟ್ಟಿಂಗೇ ಇರುತ್ತದೆ ಅಂದಿತು.

ಅಂದರೆ ನೀವು ಕ್ರೋಮ್ ಬಳಸುತ್ತಿದ್ದರೆ ಆ ಸೆಟ್ಟಿಂಗ್ ನೀವೇ ಬದಲಿಸಬೇಕು. ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ'ಗೆ ಹೋಗಿ, ಅಲ್ಲಿ 'ಥರ್ಡ್-ಪಾರ್ಟಿ ಕುಕೀಸ್' ತೆರೆದು, ತಡೆಯುವ ಆಯ್ಕೆ ಒತ್ತಿ. ಮೊದಲಲ್ಲಿ ಹೇಳಿದ ಒಂದೇ ಒಂದು ಸೆಟ್ಟಿಂಗ್ ಇದೇ. ಇದನ್ನು ಮಾಡಿದ ಮೇಲೆ ಒಂದು ಸಲ, ಒಂದೇ ಸಲ, ಹಳೆಯ ಕುಕೀಗಳನ್ನು ಅಳಿಸಿ ಎಲ್ಲ ಕಡೆ ಮತ್ತೆ ಲಾಗಿನ್ ಆಗಿಬಿಡಿ. ಆಮೇಲೆ ಆ ಕಡೆ ತಲೆ ಹಾಕುವ ಅಗತ್ಯವಿಲ್ಲ. ಅಪರೂಪಕ್ಕೆ ಒಂದು ಪುಟದಲ್ಲಿ ಹೂತಿಟ್ಟ ವಿಡಿಯೊ ಓಡದೆ ಇರಬಹುದು, ಅಥವಾ ಇನ್ನೊಂದು ಖಾತೆಯ ಮೂಲಕ ಲಾಗಿನ್ ಆಗುವ ಗುಂಡಿ ಕೆಲಸ ಮಾಡದೆ ಇರಬಹುದು. ಆ ಒಂದು ಸೈಟಿಗೆ ಮಾತ್ರ ವಿನಾಯಿತಿ ಕೊಡಲು ವಿಳಾಸದ ಪಟ್ಟಿಯ ಪಕ್ಕದಲ್ಲೇ ಅವಕಾಶ ಇರುತ್ತದೆ.

ಇದರಿಂದ ಎಲ್ಲ ಹಿಂಬಾಲಿಕೆಯೂ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಎರಡು ಕಡೆ ಒಂದೇ ಇಮೇಲ್ ಕೊಟ್ಟು ಲಾಗಿನ್ ಆದರೆ ಕುಕೀ ಇಲ್ಲದೆಯೂ ಆ ಇಮೇಲ್ ಹಿಡಿದು ಜೋಡಿಸಬಹುದು. ಪರದೆಯ ಅಳತೆ, ಫಾಂಟುಗಳು, ಗ್ರಾಫಿಕ್ಸ್ ಚಿಪ್ ಚಿತ್ರ ಬಿಡಿಸುವ ರೀತಿ, ಇವನ್ನೆಲ್ಲ ಕೂಡಿಸಿ ಬ್ರೌಸರ್‌ನ ಗುರುತು ಹಿಡಿಯುವ ಫಿಂಗರ್‌ಪ್ರಿಂಟಿಂಗ್ ಎಂಬ ತಂತ್ರವೂ ಇದೆ, ಅದಕ್ಕೆ ಅಳಿಸುವಂಥದ್ದು ಏನೂ ಇರುವುದಿಲ್ಲ. ನೀವು ಕುಕೀ ಅಳಿಸಿದರೂ ಶೂ ವಾಪಸ್ ಬಂದದ್ದಕ್ಕೆ ಇದು ಕಾರಣವಿರಬಹುದು. ಅಥವಾ ಇನ್ನೂ ಸರಳವಾಗಿ, ನೀವು ಮತ್ತೆ ಅದೇ ಸೈಟಿಗೆ ಲಾಗಿನ್ ಆದದ್ದು. ಆದರೂ ಅತಿ ಸುಲಭದ ದಾರಿ ಮುಚ್ಚುವುದು ಮುಖ್ಯ, ಬೆನ್ನು ಹತ್ತುವವರು ಜಾಸ್ತಿ ಬಳಸುವುದು ಅದನ್ನೇ.

ಕುಕೀ ಒಪ್ಪುತ್ತೀರಾ ಅನ್ನುವ ಪಟ್ಟಿಗೆ ಬರೋಣ. ಇದರ ಮೂಲ ಯುರೋಪಿನ ಕಾನೂನು. 2002ರ ನಿರ್ದೇಶನವನ್ನು 2009ರಲ್ಲಿ ತಿದ್ದಿ, ಅಗತ್ಯವಲ್ಲದ ಕುಕೀಗೆ ಮೊದಲೇ ಒಪ್ಪಿಗೆ ಕೇಳಬೇಕು ಅಂದರು. 2018ರಲ್ಲಿ ಜಿಡಿಪಿಆರ್ ಎಂಬ ಯುರೋಪಿನ ಖಾಸಗಿ ಮಾಹಿತಿ ರಕ್ಷಣಾ ಕಾನೂನು ಜಾರಿಗೆ ಬಂದ ಮೇಲೆ ಒಪ್ಪಿಗೆ ಅಂದರೆ ಏನು ಅನ್ನುವುದು ಬಿಗಿಯಾಯಿತು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆ ಅಲ್ಲ ಅಂತ 2019ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. 2022ರ ಜನವರಿಯಲ್ಲಿ ಫ್ರಾನ್ಸ್‌ನ ಖಾಸಗಿತನ ರಕ್ಷಣಾ ಸಂಸ್ಥೆ ಸಿಎನ್‌ಐಎಲ್, ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಟ್ಟಿಲ್ಲ ಅಂತ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು ಪ್ರಕಟಿಸಿತು. ಯುರೋಪಿನವರೂ ಓದುವ ಸೈಟುಗಳು ಎಲ್ಲರಿಗೂ ಅದೇ ಪಟ್ಟಿ ತೋರಿಸುವುದರಿಂದ ಜಗತ್ತಿನ ಉಳಿದವರಿಗೂ ಅದು ಕಾಣುತ್ತದೆ.

ನನ್ನ ಸಲಹೆ: ಬೇಡ ಅನ್ನಿ. ಸೈಟ್ ನಡೆಯಲು ಬೇಕೇಬೇಕಾದ ಕುಕೀಗಳು, ಅಂದರೆ ಲಾಗಿನ್, ಬುಟ್ಟಿ, ಭಾಷೆಯ ಆಯ್ಕೆ ಇಂಥವು, ಸಾಮಾನ್ಯವಾಗಿ ನೀವು ಬೇಡ ಅಂದರೂ ಇರುತ್ತವೆ. ಅದರಲ್ಲೂ ಲಾಗಿನ್, ಬುಟ್ಟಿಯ ಕುಕೀಗೆ ಆ ಕಾನೂನಿನ ಪ್ರಕಾರವೂ ಒಪ್ಪಿಗೆ ಬೇಕಿಲ್ಲ. ಹಾಗಾಗಿ ಬೇಡ ಅಂದರೆ ಸೈಟ್ ಕೆಡುತ್ತದೇನೋ ಅನ್ನುವ ಭಯ ಬೇಡ. ನೀವು ಬೇಡ ಅಂದದ್ದನ್ನು ಸೈಟ್ ನೆನಪಿಟ್ಟುಕೊಳ್ಳುವುದೂ ಒಂದು ಕುಕೀಯಲ್ಲೇ. ನೀವು ವಾರ ವಾರ ಎಲ್ಲ ಅಳಿಸಿದಾಗ ಆ ನಿರಾಕರಣೆಯೂ ಅಳಿಸಿಹೋಗುತ್ತದೆ, ಸೈಟ್ ಪಾಪ ಮತ್ತೆ ಕೇಳುತ್ತದೆ. ಪಟ್ಟಿಗಳು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ. ಒಟಿಪಿಯದೂ ಇದೇ ಕತೆ. ಇದು ಪರಿಚಯದ ಬ್ರೌಸರ್ ಅಂತ ಗುರುತಿಟ್ಟುಕೊಂಡಿದ್ದ ಕುಕೀ ಹೋದ ಮೇಲೆ ಸೈಟಿಗೆ ನೀವು ಎಲ್ಲಿಂದಲೋ ಬಂದ ಅಪರಿಚಿತರು.

ಇನ್‌ಕಾಗ್ನಿಟೊ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದು ಖಾಲಿ ಕುಕೀ ಡಬ್ಬಿಯೊಂದಿಗೆ ಶುರುವಾಗುತ್ತದೆ, ಎಲ್ಲ ಇನ್‌ಕಾಗ್ನಿಟೊ ಕಿಟಕಿಗಳನ್ನೂ ಮುಚ್ಚಿದಾಗ ಡಬ್ಬಿಯನ್ನು ಎಸೆಯುತ್ತದೆ. ಒಂದು ಕಿಟಕಿ ತೆರೆದಿದ್ದರೂ ಎಸೆಯುವುದಿಲ್ಲ. ಬೇರೆಯವರ ಕಂಪ್ಯೂಟರಿನಲ್ಲಿ ಲಾಗಿನ್ ಆಗಬೇಕಾದರೆ ತುಂಬಾ ಒಳ್ಳೆಯದು. ಆದರೆ ನಿಮ್ಮ ಐಪಿ ವಿಳಾಸ ಮರೆಯಾಗುವುದಿಲ್ಲ, ನೆಟ್ ಕೊಡುವ ಕಂಪನಿಗೆ ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ಗೊತ್ತಾಗುತ್ತದೆ, ಒಳಗೆ ಹೋಗಿ ಲಾಗಿನ್ ಆದರೆ ಆ ಸೈಟಿಗೆ ನೀವು ಯಾರು ಅಂತಲೂ ಗೊತ್ತಾಗುತ್ತದೆ.

ಇಷ್ಟು ಹೊತ್ತು ಜಾಹೀರಾತಿನ ಮಾತಾಯಿತು. ನೀವು ಕೇಳದೆ ಬಿಟ್ಟ ಒಂದು ವಿಷಯ ಇದಕ್ಕಿಂತ ದೊಡ್ಡದು, ಅದನ್ನು ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಲಾಗಿನ್ ಆದ ಮೇಲೆ ನೀವು ನೀವೇ ಅನ್ನುವುದಕ್ಕೆ ಸರ್ವರ್ ಹತ್ತಿರ ಇರುವ ಆಧಾರ ಆ ಕುಕೀ ಮಾತ್ರ. ಪಾಸ್‌ವರ್ಡ್, ಒಟಿಪಿ ಎರಡೂ ಬಾಗಿಲಲ್ಲೇ ಮುಗಿದಿರುತ್ತವೆ. ಯಾರಾದರೂ ಆ ಕುಕೀಯನ್ನು ನಕಲು ಮಾಡಿ ತಮ್ಮ ಬ್ರೌಸರ್‌ಗೆ ಹಾಕಿಕೊಂಡರೆ ಎಷ್ಟೋ ಸೈಟುಗಳಲ್ಲಿ ಅವರಿಗೆ ಪಾಸ್‌ವರ್ಡೂ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. ಇದಕ್ಕೆಂದೇ ತಯಾರಾದ ಮಾಲ್‌ವೇರ್‌ಗಳಿವೆ. ಬಿಟ್ಟಿ ಸಿಗುವ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆಗೋ, ಇಮೇಲ್ ಲಗತ್ತಿನಲ್ಲೋ ಬಂದು, ಬ್ರೌಸರ್ ಎತ್ತಿಟ್ಟ ಎಲ್ಲ ಕುಕೀಗಳನ್ನೂ ಒಟ್ಟಿಗೆ ಕದ್ದು ಕಳಿಸುತ್ತವೆ. ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಪ್ರಾಯೋಜಕರಂತೆ ಇಮೇಲ್ ಬರೆದು, ಇಂಥ ಸಾಫ್ಟ್‌ವೇರ್ ಹಾಕಿಸಿ, ಕುಕೀ ಕದ್ದು ಚಾನೆಲ್‌ಗಳನ್ನೇ ಹಾರಿಸಿಕೊಂಡು ಹೋಗುತ್ತಿದ್ದ ಗುಂಪುಗಳ ಬಗ್ಗೆ ಗೂಗಲ್‌ನ ಭದ್ರತಾ ತಂಡ 2021ರ ಅಕ್ಟೋಬರ್‌ನಲ್ಲಿ ವಿವರವಾಗಿ ಬರೆದಿತ್ತು.

ಇಲ್ಲಿ ಕುಕೀ ಅಳಿಸುವುದಕ್ಕೂ ಲಾಗೌಟ್ ಆಗುವುದಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು. ಅಳಿಸಿದರೆ ನಿಮ್ಮ ಹತ್ತಿರ ಇದ್ದ ಪ್ರತಿ ಹೋಗುತ್ತದೆ. ಸರ್ವರ್‌ನಲ್ಲಿ ಆ ಸಂಕೇತ ಇನ್ನೂ ಚಾಲ್ತಿಯಲ್ಲೇ ಇರುತ್ತದೆ, ಕದ್ದವರ ಹತ್ತಿರ ಇರುವ ಪ್ರತಿ ಕೆಲಸ ಮಾಡುತ್ತಲೇ ಇರುತ್ತದೆ. ಲಾಗೌಟ್ ಗುಂಡಿ ಒತ್ತಿದಾಗ ಸರ್ವರ್ ತನ್ನ ಕಡೆಯ ದಾಖಲೆಯನ್ನೇ ರದ್ದು ಮಾಡಬೇಕು, ಚೆನ್ನಾಗಿ ಕಟ್ಟಿದ ಸೈಟುಗಳು ಹಾಗೆ ಮಾಡುತ್ತವೆ. ಖಾತೆಗೆ ಯಾರೋ ನುಗ್ಗಿದ್ದಾರೆ ಅಂತ ಅನುಮಾನ ಬಂದರೆ ಮೊದಲು ಇನ್ನೊಂದು ಶುದ್ಧ ಸಾಧನದಿಂದ ಖಾತೆಯ ಭದ್ರತಾ ಪುಟಕ್ಕೆ ಹೋಗಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವ ಆಯ್ಕೆ ಒತ್ತಿ, ಆಮೇಲೆ ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಮಾತ್ರ ಬದಲಿಸಿ ಸುಮ್ನೆ ಕೂತರೆ ಕೆಲವು ಸೈಟುಗಳಲ್ಲಿ ಹಳೆಯ ಕುಕೀಗಳು ಹಾಗೇ ಬದುಕಿರುತ್ತವೆ. ಮಾಲ್‌ವೇರ್ ಇರುವ ಕಂಪ್ಯೂಟರನ್ನು ಸ್ವಚ್ಛ ಮಾಡುವ ಮೊದಲು ಅದರಲ್ಲಿ ಮತ್ತೆ ಲಾಗಿನ್ ಆಗಬೇಡಿ, ಹೊಸ ಕುಕೀಯೂ ಹೋಗುತ್ತದೆ.

ನಿಮ್ಮ ಕುಕೀಗಳನ್ನು ನೀವೇ ನೋಡಬೇಕು ಅನ್ನಿಸಿದರೆ ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, 'ಅಪ್ಲಿಕೇಶನ್' ಟ್ಯಾಬಿನಲ್ಲಿ 'ಕುಕೀಸ್' ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ಆ ಟ್ಯಾಬಿನ ಹೆಸರು 'ಸ್ಟೋರೇಜ್'. ಹೆಸರು, ಸಂಕೇತ, ಯಾವ ಸೈಟಿನದು, ಯಾವಾಗ ಮುಗಿಯುತ್ತದೆ, ನಾನು ಮೇಲೆ ಹೇಳಿದ ಷರತ್ತುಗಳು ಇವೆಯೋ ಇಲ್ಲವೋ, ಎಲ್ಲ ಸಾಲಾಗಿ ಕಾಣುತ್ತವೆ. ನೋಡಿ, ಕಲಿಯಿರಿ. ಆದರೆ ಆ ಪರದೆಯ ಚಿತ್ರ ತೆಗೆದು ಯಾರಿಗೂ ಕಳಿಸಬೇಡಿ. ಸಹಾಯ ಮಾಡುತ್ತೇನೆ, ಅಲ್ಲಿರುವ ಸಂಕೇತ ಕಾಪಿ ಮಾಡಿ ಕೊಡಿ ಅಂತ ಯಾರಾದರೂ ಕೇಳಿದರೆ ಅವರು ಕೇಳುತ್ತಿರುವುದು ನಿಮ್ಮ ಖಾತೆಯನ್ನೇ.

ಫೋನಿನಲ್ಲಿ ಇನ್ನೊಂದು ತೊಡಕಿದೆ. ಕೆಲವು ಆ್ಯಪ್‌ಗಳೊಳಗೆ ಲಿಂಕ್ ಒತ್ತಿದಾಗ ಅದು ನಿಮ್ಮ ಮಾಮೂಲಿ ಬ್ರೌಸರ್‌ನಲ್ಲಿ ತೆರೆಯದೆ ಆ ಆ್ಯಪ್‌ನದೇ ಒಳ ಬ್ರೌಸರ್‌ನಲ್ಲಿ ತೆರೆಯುತ್ತದೆ, ಅದರ ಕುಕೀಗಳು ಬೇರೆ. ನಿನ್ನೆ ತಾನೇ ಲಾಗಿನ್ ಆಗಿದ್ದ ಸೈಟ್ ಅಲ್ಲಿ ನಿಮ್ಮನ್ನು ಗುರುತಿಸದೆ ಪಾಸ್‌ವರ್ಡ್ ಕೇಳುವುದು ಇದಕ್ಕೇ. ನೀವು ಬ್ರೌಸರ್‌ನಲ್ಲಿ ಮಾಡಿದ ಸೆಟ್ಟಿಂಗ್ ಕೂಡ ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ಪಾಸ್‌ವರ್ಡ್ ಹೊಡೆಯುವ ಬದಲು ಮೂಲೆಯ ಮೂರು ಚುಕ್ಕಿ ಒತ್ತಿ, ಬ್ರೌಸರ್‌ನಲ್ಲಿ ತೆರೆಯುವ ಆಯ್ಕೆ ಹಿಡಿದು ಆ ಪುಟವನ್ನು ನಿಮ್ಮ ಬ್ರೌಸರ್‌ಗೆ ತಂದುಕೊಳ್ಳಿ.